ಮೂರನೆಯ ಹಸಿರು ದೀಪ ಹತ್ತಲೇ ಇಲ್ಲ!

2013. ಪೆಸಿಫಿಕ್ ಸಾಗರದ ಗುವಾಮ್ ದ್ವೀಪ. ರನ್‌ವೇಯಲ್ಲಿ ಒಂದು ಪುಟ್ಟ ವಿಮಾನ. ಒಂದೇ ಎಂಜಿನ್, ಒಬ್ಬನೇ ಪೈಲಟ್: ಅಮೆರಿಕದ ಬಿಲ್ ಹ್ಯಾರೆಲ್ಸನ್. ವಿಮಾನ ಯಾವ ಕಾರ್ಖಾನೆಯಿಂದಲೂ ಹೊರಬಂದದ್ದಲ್ಲ. ಕಿಟ್ ತರಿಸಿ ಆತನೇ ಕಟ್ಟಿಕೊಂಡ ಲ್ಯಾನ್‌ಸೇರ್-4. ಹೆಚ್ಚುವರಿ ಟ್ಯಾಂಕುಗಳೂ ಸೇರಿ ತುಂಬಿಸಿದ ಪೆಟ್ರೋಲ್ ಸುಮಾರು 1,360 ಲೀಟರ್. ಇಂಧನವೇ ಒಂದು ಟನ್ನಿನ ಹತ್ತಿರ! ಹೋಗಬೇಕಾದದ್ದು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ಗೆ. ಸುಮಾರು 13,000 ಕಿ.ಮೀ. ನಡುವೆ ಎಲ್ಲೂ ಇಳಿಯುವಂತಿಲ್ಲ.

ತುಂಬಿದ ಬಸುರಿಯಂತೆ ಭಾರವಾದ ವಿಮಾನ ನೆಲ ಬಿಡುತ್ತದೆ. ಇನ್ನು ಮುಂದೆ ಎದುರಾಳಿ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಮೂರು ಕಾಲು, ಮೂರು ಚಕ್ರ ಹೊರಗೆ ಜೋತಾಡುತ್ತಿದ್ದರೆ ಇಂಧನದ ಲೆಕ್ಕವೆಲ್ಲ ತಲೆಕೆಳಗು. ಕಾಲು ಮಡಚಲೇಬೇಕು. ಈಗಲೇ ಮಡಚಬೇಕು. ಕೈ ಲಿವರ್‌ನತ್ತ ಹೋಗುತ್ತದೆ.

ಆ ಕೆಲವೇ ಸೆಕೆಂಡುಗಳಲ್ಲಿ ವಿಮಾನದ ಹೊಟ್ಟೆಯೊಳಗೆ ನಡೆಯುವುದೇನು?

ಇದೇ ವಂಶದ ಎರಡು ಸೀಟಿನ ಲ್ಯಾನ್‌ಸೇರ್-320ರ ಒಳಹೊಕ್ಕು ನೋಡೋಣ. ಲಿವರ್ ಎತ್ತಿದ್ದೇ ತಡ, ಪುಟ್ಟದೊಂದು ವಿದ್ಯುತ್ ಮೋಟಾರು ಗುಂಯ್‌ಗುಡುತ್ತದೆ. ಅದಕ್ಕೆ ಅಂಟಿಕೊಂಡ ಪಂಪ್ ಕೆಂಪು ಎಣ್ಣೆಯನ್ನು ಹೀರಿ ಕೊಳವೆಗೆ ನೂಕುತ್ತದೆ. ಮೋಟಾರು ಒಂದು ದಿಕ್ಕಿಗೆ ತಿರುಗಿದರೆ ಎಣ್ಣೆ ‘ಮೇಲೆತ್ತುವ’ ಸಾಲಿಗೆ ನುಗ್ಗುತ್ತದೆ. ಇನ್ನೊಂದು ದಿಕ್ಕಿಗೆ ತಿರುಗಿದರೆ ‘ಇಳಿಸುವ’ ಸಾಲಿಗೆ. ಸಿಲಿಂಡರಿನಲ್ಲಿ ಪಿಸ್ಟನ್ ಸರಿಯುತ್ತದೆ, ಸನ್ನೆಕೋಲು ಬಾಗುತ್ತದೆ, ಕಾಲು ಏಳುತ್ತದೆ.

ಬಲ ಎಷ್ಟು? ಒತ್ತಡ ಸಾವಿರ ಪಿ.ಎಸ್.ಐ. ಎಂದು ಇಟ್ಟುಕೊಳ್ಳಿ. ಒಂದು ಚದರ ಸೆಂಟಿಮೀಟರಿಗೆ 70 ಕಿಲೋ! ಪಿಸ್ಟನ್ನಿನ ಮುಖ ಬರೀ ಐದು ಚದರ ಸೆಂಟಿಮೀಟರ್ ಇದ್ದರೂ ತಳ್ಳುವ ಬಲ 350 ಕಿಲೋ. ಅಂಗೈಯಲ್ಲಿ ಹಿಡಿಯಬಹುದಾದ ಸಿಲಿಂಡರ್, ಎದುರು ನುಗ್ಗುವ ಬಿರುಗಾಳಿಯನ್ನು ಲೆಕ್ಕಿಸದೆ ಚಕ್ರವನ್ನು ಗೂಡಿಗೆ ಸೇರಿಸಿಬಿಡುತ್ತದೆ. ಒತ್ತಡ ಗುರಿ ಮುಟ್ಟುತ್ತಲೇ ಪ್ರೆಷರ್ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ. ನಿಶ್ಶಬ್ದ.

ಆದರೆ ಮೇಲೆ ಹೋದ ಕಾಲನ್ನು ಅಲ್ಲಿ ಹಿಡಿದಿಟ್ಟಿರುವುದು ಯಾವುದು?

ಕೊಕ್ಕೆಯಿಲ್ಲ, ಅಗುಳಿಯಿಲ್ಲ. ಕೊಳವೆಯೊಳಗೆ ಸಿಕ್ಕಿಬಿದ್ದ ಎಣ್ಣೆಯ ಒತ್ತಡ, ಅಷ್ಟೇ! ಎಲ್ಲೋ ಒಂದು ಹನಿ ಜಿನುಗಿದರೆ ಒತ್ತಡ ಇಳಿಯುತ್ತದೆ, ಸ್ವಿಚ್ ಮತ್ತೆ ಎಚ್ಚರಗೊಳ್ಳುತ್ತದೆ, ಪಂಪ್ ಒಂದು ಕ್ಷಣ ಗುಂಯ್ ಎಂದು ಮಲಗುತ್ತದೆ. ಗಂಟೆಗೊಮ್ಮೆ ಕೇಳಿಸಿದರೆ ಚಿಂತೆಯಿಲ್ಲ. ನಿಮಿಷಕ್ಕೊಮ್ಮೆ ಕೇಳಿಸತೊಡಗಿದರೆ ಪೈಲಟ್ ಕಿವಿ ನಿಮಿರಿಸುತ್ತಾನೆ. ಎಣ್ಣೆ ಎಲ್ಲಿಗೋ ಓಡಿಹೋಗುತ್ತಿದೆ!

ಓಡಿಹೋಗಲು ದಾರಿಗಳು ಒಂದೆರಡಲ್ಲ. ಹಲವು ಮನೆಯ ಗ್ಯಾರೇಜಿನಲ್ಲೇ ಹುಟ್ಟುತ್ತವೆ.

ಕಟ್ಟುವವನು ಕಾಲಿಂಚಿನ ಅಲ್ಯೂಮಿನಿಯಂ ಕೊಳವೆಯನ್ನು ಕತ್ತರಿಸುತ್ತಾನೆ. ಅಂಚಿನ ಮುಳ್ಳು ಉಜ್ಜುತ್ತಾನೆ. ಬಾಯಿಯನ್ನು 37 ಡಿಗ್ರಿ ಕೋನಕ್ಕೆ ಅರಳಿಸುತ್ತಾನೆ. ಅರಳಿದ ಬಾಯಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಕೊಳವೆ ಸೀದಾ ಕಸದ ಬುಟ್ಟಿಗೆ. ಓ-ರಿಂಗ್ ಎಂಬ ಪುಟ್ಟ ರಬ್ಬರ್ ಬಳೆಗೆ ಎಣ್ಣೆ ಸವರಿ, ತಿರುಪಿನ ಚೂಪಾದ ಮರೆಗಳ ಮೇಲಿಂದ ಉಸಿರು ಬಿಗಿಹಿಡಿದು ದಾಟಿಸುತ್ತಾನೆ. ಒಂದು ಗೀರು ಬಿದ್ದರೂ ಸಾಕು, ಸೀಲ್ ಹೋಯಿತು. ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಅದೂ ಕಂಟಕ: ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಕಾಲು ತೂಕಡಿಸುತ್ತ ಏಳುತ್ತದೆ.

ಕೊನೆಗೆ ವಿಮಾನವನ್ನು ಜಾಕ್‌ಗಳ ಮೇಲೆ ಏರಿಸಿ, ಕಾಲನ್ನು ಮಡಚಿ ಬಿಡಿಸಿ, ಮತ್ತೆ ಮಡಚಿ ಬಿಡಿಸಿ ನೋಡುತ್ತಾನೆ. ಪ್ರತಿ ಸುತ್ತಿನ ನಂತರವೂ ಬಿಳಿ ಕಾಗದದಿಂದ ಒಂದೊಂದೇ ಜೋಡಣೆಯನ್ನು ಒರೆಸುತ್ತಾನೆ. ಎಣ್ಣೆಯ ಬಣ್ಣ ನೆರವಿಗೆ ಬರುವುದು ಇಲ್ಲೇ. ಕಾಗದದ ಮೇಲೆ ಕೆಂಪು ಮೂಡಿದರೆ ಶತ್ರು ಸಿಕ್ಕಿಬಿದ್ದ!

ಒಂದೇ ಒಂದು ಸೋರಿಕೆ ಕಣ್ತಪ್ಪಿಸಿಕೊಂಡು ಉಳಿದಿದ್ದರೆ?

ಊಹಿಸಿಕೊಳ್ಳಿ. ನೀವೇ ಪೈಲಟ್. ಸಂಜೆ. ಊರಿನ ರನ್‌ವೇ ಕಣ್ಣೆದುರಿದೆ. ಲಿವರ್ ಕೆಳಗೆ ಒತ್ತುತ್ತೀರಿ. ಗುಂಯ್... ಎಡಗಾಲಿನ ಹಸಿರು ದೀಪ ಹತ್ತಿತು. ಬಲಗಾಲಿನದೂ ಹತ್ತಿತು. ಮೂಗಿನ ಕೆಳಗಿನ ಮುಂಗಾಲು? ಕತ್ತಲು. ಥ್ರಾಟಲ್ ಹಿಂದೆಳೆದರೆ ಎಚ್ಚರಿಕೆಯ ಹಾರ್ನ್ ಕಿರುಚುತ್ತದೆ. ಕಾಲು ಬಂದಿಲ್ಲವೋ, ಬಂದೂ ಬೀಗ ಬಿದ್ದಿಲ್ಲವೋ, ಬರೀ ಬಲ್ಬು ಸುಟ್ಟಿದೆಯೋ?

ಬಲ್ಬಿನ ಹಿಂದೆ ಬಿದ್ದು ಸತ್ತವರಿದ್ದಾರೆ. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿಯಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ 401 ವಿಮಾನದ ಮುಂಗಾಲಿನ ದೀಪ ಹತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಅದರಲ್ಲೇ ಮುಳುಗಿದರು. ವಿಮಾನ ಮೆಲ್ಲಗೆ ಕೆಳಗಿಳಿಯುತ್ತಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಎವರ್‌ಗ್ಲೇಡ್ಸ್ ಜೌಗಿಗೆ ಅಪ್ಪಳಿಸಿತು. 101 ಮಂದಿ ಸತ್ತರು. ಕಾಲು ಸರಿಯಾಗಿಯೇ ಇತ್ತು. ಸುಟ್ಟಿದ್ದು ಬಲ್ಬು!

ಆದ್ದರಿಂದ ಮೊದಲು ಎತ್ತರಕ್ಕೆ ಏರಿ. ವಿಮಾನ ಹಾರಿಸುತ್ತಲೇ ಇರಿ. ಬಲ್ಬು ಅದಲುಬದಲು ಮಾಡಿ ನೋಡಿ. ಇಲ್ಲ, ಬಲ್ಬು ಚೆನ್ನಾಗಿದೆ. ಮುಂಗಾಲು ನಿಜಕ್ಕೂ ಅರ್ಧದಲ್ಲಿ ನಿಂತಿದೆ. ಪಂಪಿನ ದನಿಯೂ ಅಡಗಿದೆ.

ಈಗ ಉಳಿದಿರುವುದು ಒಂದೇ ದಾರಿ.

ಲಿವರ್ ಕೆಳಗೇ ಇರಲಿ. ಪಂಪಿನ ಸರ್ಕ್ಯೂಟ್ ಬ್ರೇಕರ್ ಎಳೆಯಿರಿ. ವೇಗ ಇಳಿಸಿ, ಇನ್ನೂ ಇಳಿಸಿ. ಡಂಪ್ ವಾಲ್ವ್ ತಿರುಗಿಸಿ. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಒಂದಾಗುತ್ತವೆ. ಎಣ್ಣೆಯ ಹಿಡಿತ ತಪ್ಪುತ್ತದೆ. ಎತ್ತಿ ಹಿಡಿಯುವ ಕೊಕ್ಕೆ ಇಲ್ಲದ್ದು ಈಗ ವರವಾಗುತ್ತದೆ: ತಡೆಯುವವರಿಲ್ಲದೆ ಕಾಲು ತನ್ನ ಭಾರಕ್ಕೇ ಜಾರುತ್ತದೆ. ಪಂಪ್ ಸುಟ್ಟರೂ, ಬ್ಯಾಟರಿ ಸತ್ತರೂ, ಎಣ್ಣೆ ಪೂರ್ತಿ ಸೋರಿಹೋದರೂ ಭೂಮಿಯ ಸೆಳೆತಕ್ಕೆ ರಜೆಯಿಲ್ಲ!

ಆದರೆ ಮುಂಗಾಲು ಮಡಚುವುದು ಹಿಂದಕ್ಕೆ. ಇಳಿಯುವಾಗ ಎದುರುಗಾಳಿಯನ್ನು ಸೀಳಿಕೊಂಡು ಮುಂದಕ್ಕೆ ಬರಬೇಕು. ಅದರ ಭಾರವೊಂದೇ ಸಾಲದು. ಅದಕ್ಕೆಂದೇ ಅಲ್ಲೊಂದು ಗ್ಯಾಸ್ ಸ್ಟ್ರಟ್ ಇದೆ. ಸಿಲಿಂಡರಿನಲ್ಲಿ ಅದುಮಿಟ್ಟ ಅನಿಲ ಕಾಲನ್ನು ಮುಂದಕ್ಕೆ ದೂಡುತ್ತದೆ. ವರ್ಷಗಳು ಉರುಳಿದಂತೆ ಆ ಅನಿಲವೂ ಸೋರುತ್ತದೆ. ಪಂಪ್ ಚೆನ್ನಾಗಿರುವಷ್ಟು ದಿನ ಆ ದೌರ್ಬಲ್ಯ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇಂಥ ಸಂಜೆಯಲ್ಲಿ.

ವೇಗ ಇನ್ನಷ್ಟು ತಗ್ಗಿಸುತ್ತೀರಿ.    ಕಾಲು ಮುಂದೆ ಸರಿಯುತ್ತದೆ, ಸರಿಯುತ್ತದೆ... ಟಕ್! ಎರಡು ತುಂಡಿನ ಲಿಂಕ್ ನೇರವಾಗಿ, ಆ ನೇರವನ್ನೂ ಕೊಂಚ ದಾಟಿ, ಆತುಕೊಂಡು ನಿಂತಿತು. ಇನ್ನು ನೆಲದ ಹೊಡೆತ ಅದನ್ನು ಮಡಚಲಾರದು. ಬಿಗಿಯನ್ನೇ ಹೆಚ್ಚಿಸುತ್ತದೆ. ಮೂರನೆಯ ದೀಪ ಹತ್ತಿತು.

ಹತ್ತದಿದ್ದರೆ? ಮೂಗು ರನ್‌ವೇಗೆ ಉಜ್ಜುತ್ತದೆ, ಪ್ರೊಪೆಲ್ಲರ್ ನೆಲಕ್ಕೆ ಬಡಿದು ಬಾಗುತ್ತದೆ, ಇಡೀ ಎಂಜಿನ್ ಬಿಚ್ಚಿ ತಪಾಸಣೆ ಮಾಡಬೇಕಾಗುತ್ತದೆ. ಸಾಮಾನ್ಯವಾಗಿ ಜೀವ ಉಳಿಯುತ್ತದೆ. ಜೇಬು ಉಳಿಯುವುದಿಲ್ಲ.

ಮತ್ತೆ ಹ್ಯಾರೆಲ್ಸನ್? 38 ಗಂಟೆಗೂ ಮೀರಿ ಒಂಟಿಯಾಗಿ ಹಾರಿ ಆತ ಜ್ಯಾಕ್ಸನ್‌ವಿಲ್ ಮುಟ್ಟಿದ. ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ವಿಮಾನದಲ್ಲಿ ಎರಡೂ ಧ್ರುವಗಳ ಮೇಲೆ ಹಾದು ಭೂಮಿಯನ್ನೇ ಸುತ್ತಿ, 24 ದಿನಗಳ ಬಳಿಕ 2015ರ ಜನವರಿಯಲ್ಲಿ ಹೊರಟ ಜಾಗಕ್ಕೇ, ನಾರ್ತ್ ಕ್ಯಾರೊಲೈನಾದ ಕಿನ್‌ಸ್ಟನ್‌ಗೆ, ಬಂದಿಳಿದ. ಧ್ರುವದ ಚಳಿಗೆ ರಬ್ಬರ್ ಸೀಲುಗಳು ಸೆಟೆಯುತ್ತವೆ, ಎಣ್ಣೆ ಮಂದವಾಗುತ್ತದೆ. ಸಣ್ಣ ವಿಮಾನಗಳ ಆ ಕೆಂಪು ಎಣ್ಣೆಗೆ ನಿಗದಿಯಾಗಿರುವ ಕೆಳಮಿತಿಯೇ ಮೈನಸ್ 54 ಡಿಗ್ರಿ. ತಾನೇ ಕೂಡಿಸಿದ ಕೊಳವೆಗಳನ್ನು ನಂಬಿ ಆ ಹಿಮದ ಮೇಲೆ ಹಾರುವ ಎದೆಗಾರಿಕೆ ಎಲ್ಲರಿಗಿರುವುದಿಲ್ಲ.

ಆ ನಂಬಿಕೆ ಪುಕ್ಕಟೆಯಾಗಿ ಬರುವುದೂ ಇಲ್ಲ. ಇಂಥ ವಿಮಾನ ಕಟ್ಟುವವರು, ಕಟ್ಟಿದ್ದನ್ನು ಕೊಳ್ಳುವವರು ಒಂದು ಮಾತು ನೆನಪಿಡಬೇಕು. ಜಾಕ್ ಮೇಲೆ ಏರಿಸಿ, ಪಂಪ್ ಆರಿಸಿ, ವಾಲ್ವ್ ತೆರೆದು ಕಾಲು ಇಳಿಸಿ ನೋಡುವುದು ಅರ್ಧ ಪರೀಕ್ಷೆ ಮಾತ್ರ. ಗ್ಯಾರೇಜಿನಲ್ಲಿ ಎದುರುಗಾಳಿ ಇರುವುದಿಲ್ಲ. ಉಳಿದರ್ಧ ಆಕಾಶದಲ್ಲೇ ಆಗಬೇಕು: ಹಗಲಿನಲ್ಲಿ, ಸಾಕಷ್ಟು ಎತ್ತರದಲ್ಲಿ, ಕೆಳಗೆ ರನ್‌ವೇ ಇಟ್ಟುಕೊಂಡು, ಪಂಪ್ ಚೆನ್ನಾಗಿರುವಾಗಲೇ. ಅಲ್ಲೂ ಮೂರು ದೀಪ ಹತ್ತಿದರೆ ಮಾತ್ರ ವಿಮಾನ ದೂರ ಪ್ರಯಾಣಕ್ಕೆ ಸಿದ್ಧ. ಮುಂಗಾಲಿನದು ಹತ್ತದಿದ್ದರೆ ಗ್ಯಾಸ್ ಸ್ಟ್ರಟ್ ಬದಲಿಸಿ, ಮತ್ತೆ ಪರೀಕ್ಷಿಸಿ, ಆಮೇಲೆ ಹೊರಡಿ.