ಗುಟ್ಟು ಮಾರುವ ಕಸುಬು

ಪ್ರೇಮದ ಕಾದಂಬರಿ ಬರೆದವರು ಬಿಡುಗಡೆಯ ದಿನ ಮೈಕು ಹಿಡಿದು, ಏನೇನೋ ಆಗಿ ಕಡೆಗೆ ಇಬ್ಬರೂ ಒಂದಾಗುತ್ತಾರೆ ಎಂದು ಹೇಳಿಬಿಟ್ಟರೂ ಯಾರ ಗಂಟೂ ಮುಳುಗುವುದಿಲ್ಲ. ಅಷ್ಟು ಕೇಳಿದ ಮೇಲೆಯೇ ಕೆಲವರು ಧೈರ್ಯವಾಗಿ ಕೊಳ್ಳುತ್ತಾರೆ. ಐತಿಹಾಸಿಕ ಕಾದಂಬರಿಯ ಮಾತಂತೂ ಬೇಡವೇ ಬೇಡ. ತಾಳಿಕೋಟೆಯಲ್ಲಿ ಏನಾಯಿತೆಂದು ಗೊತ್ತಿದ್ದೇ ನಾವು ಪುಸ್ತಕ ಬಿಚ್ಚುತ್ತೇವೆ, ಗೊತ್ತಿದ್ದೇ ಅಳುತ್ತೇವೆ. ಪತ್ತೇದಾರಿ ಕಾದಂಬರಿ ಬರೆದವರ ಪಾಡು ಮಾತ್ರ ಈ ಭೂಮಂಡಲದಲ್ಲೇ ಪ್ರತ್ಯೇಕ. ತಾನು ಮಾಡಿದ ಕೆಲಸದಲ್ಲಿ ಅತ್ಯಂತ ಸೊಗಸಾದದ್ದು ಯಾವುದೋ ಅದನ್ನೇ ಬಾಯಿಬಿಡುವಂತಿಲ್ಲ. ಬಳೆಗಾರನೊಬ್ಬ ಮಲಾರವನ್ನು ಬಿಚ್ಚದೆಯೇ ಬೀದಿಬೀದಿ ತಿರುಗಿ ಬಳೆ ಮಾರಿದ ಹಾಗೆ, ಇವರು ಗುಟ್ಟನ್ನು ಗುಟ್ಟಾಗಿಯೇ ಇಟ್ಟುಕೊಂಡು ಮಾರಬೇಕು. ನನಗೆ ಇವರ ಮೇಲೆ ಮೊದಲಿನಿಂದಲೂ ಅಪಾರ ಗೌರವ. ಆ ಗೌರವಕ್ಕೆ ಕಾರಣ ಹೇಳುತ್ತೇನೆ, ಸ್ವಲ್ಪ ಸುತ್ತುಬಳಸಿನ ದಾರಿಯಲ್ಲಿ; ನಿಮಗೆ ಅವಸರವಿಲ್ಲ ತಾನೆ?

ಅಗಾಥಾ ಕ್ರಿಸ್ಟಿಯಿಂದಲೇ ಶುರುಮಾಡೋಣ. ಮೊದಲ ಮಹಾಯುದ್ಧದ ಕಾಲಕ್ಕೆ ಆಕೆ ಇಂಗ್ಲೆಂಡಿನ ಟಾರ್ಕಿ ಊರಿನ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೋಣೆಯಲ್ಲಿ ಕೆಲಸಕ್ಕಿದ್ದರು. ಸುತ್ತಲೂ ಕಪಾಟಿನ ತುಂಬ ವಿಷದ ಸೀಸೆಗಳು, ಮಧ್ಯೆ ಬೇಕಾದಷ್ಟು ಬಿಡುವು. ಯಾರಿಗೆ ಎಷ್ಟು ತೊಟ್ಟು ಕೊಟ್ಟರೆ ಮದ್ದು, ಎಷ್ಟು ಕೊಟ್ಟರೆ ಮರಣ ಎಂಬ ಲೆಕ್ಕ ಅಲ್ಲಿಯೇ ಕೈಗೆ ಹತ್ತಿತು. ಹರ್ಕ್ಯೂಲ್ ಪ್ವಾರೋ ಎಂಬ ಮೀಸೆಯ ಮಹಾಶಯ ಅವತರಿಸಿದ್ದು ಹಾಗೆ. ಹಲವು ಪ್ರಕಾಶಕರು ಹಿಂದಿರುಗಿಸಿದ ಆ ಮೊದಲ ಕಾದಂಬರಿ 1920ರಲ್ಲಿ ಅಚ್ಚಾದಾಗ ಆಕೆಯ ಕೈಗೆ ಬಂದದ್ದು 25 ಪೌಂಡು. ವಿಚಿತ್ರ ನೋಡಿ, ಅದಕ್ಕೂ ಮೂವತ್ತು ಚಿಲ್ಲರೆ ವರ್ಷ ಹಿಂದೆ ಷರ್ಲಾಕ್ ಹೋಮ್ಸನ ಮೊದಲ ಕತೆಗೆ ಕಾನನ್ ಡಾಯಲ್ ಅವರಿಗೆ ಸಿಕ್ಕಿದ್ದೂ ಅದೇ 25 ಪೌಂಡು, ಅದೂ ಹಕ್ಕುಗಳ ಸಮೇತ. ಹೆಣ ಬೀಳಿಸುವ ಕಸುಬಿಗೆ ಅಲ್ಲಿ ಯಾರೋ ಮೊದಲೇ ಕೂಲಿ ಗೊತ್ತುಮಾಡಿ ಇಟ್ಟಿದ್ದರು ಅನಿಸುತ್ತದೆ.

ಇಷ್ಟು ದೊಡ್ಡ ಲೇಖಕಿಗೆ ಬರೆಯಲು ಪ್ರತ್ಯೇಕ ಕೋಣೆ ಇತ್ತೇ ಎಂದರೆ, ಬಹುಕಾಲ ಇರಲಿಲ್ಲ. ಊಟದ ಮೇಜು ಖಾಲಿಯಾದಾಗ ಅಲ್ಲಿ, ಇಲ್ಲವಾದರೆ ಮಲಗುವ ಕೋಣೆಯಲ್ಲಿ ಮುಖ ತೊಳೆಯುವ ಬೋಗುಣಿ ಇಡುವ ಅಮೃತಶಿಲೆಯ ಮೇಜಿನ ಮೇಲೆ. ಪತ್ರಿಕೆಯವರು ಬಂದು ನೀವು ಬರೆಯುವ ಜಾಗ ತೋರಿಸಿ, ಫೋಟೋ ತೆಗೆಯಬೇಕು ಎಂದರೆ ತೋರಿಸಲು ಜಾಗವೇ ಇಲ್ಲ. ಅವರ ಟಿಪ್ಪಣಿ ಪುಸ್ತಕಗಳು 73 ಉಳಿದುಕೊಂಡಿವೆ. ಅವುಗಳಲ್ಲಿ ಯಾರನ್ನು ಹೇಗೆ ಕೊಲ್ಲುವುದೆಂಬ ಘನಗಂಭೀರ ಸಮಾಲೋಚನೆಯ ಪಕ್ಕದಲ್ಲೇ ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ, ಇಸ್ಪೀಟಾಟದ ಲೆಕ್ಕ. ನನಗೆ ಇದು ಬಹಳ ಇಷ್ಟ. ನಮ್ಮ ಹೆಂಗಸರು ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಷ್ಟು ಅಪೂರ್ವ ಸಾಹಿತ್ಯ ಹುಟ್ಟದೆ ಹೋಯಿತೋ ಎಂದು ಒಮ್ಮೊಮ್ಮೆ ಯೋಚನೆಯಾಗುತ್ತದೆ.

ಹೆಂಗಸರ ಮಾತು ಬಂತಲ್ಲ, ನಮ್ಮ ದೊಡ್ಡಮ್ಮನ ವಿಷಯ ಹೇಳದೆ ಮುಂದೆ ಹೋಗಲಾರೆ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಪೇಟೆ ಬೀದಿಯ ಬಾಡಿಗೆ ಲೈಬ್ರರಿಯಿಂದ ಸೋದರಮಾವ ತಂದ ಪತ್ತೇದಾರಿ ಕಾದಂಬರಿಯನ್ನು ಮಧ್ಯಾಹ್ನ ಮಕ್ಕಳಲ್ಲಿ ಯಾರಾದರೊಬ್ಬರು ಜೋರಾಗಿ ಓದಬೇಕು, ಅವರು ಮೊರದಲ್ಲಿ ಅಕ್ಕಿ ಆರಿಸುತ್ತ ಕೇಳಬೇಕು. ನಡುನಡುವೆ ತನಿಖೆ ಅವರದ್ದೇ. “ಆ ಲಾಯರಿ ಮನೆಗೆ ಬಂದವನು ಕಾಪಿ ಬೇಡ ಅಂದನಲ್ಲ, ಅವನ ಮೇಲೊಂದು ಕಣ್ಣಿರಲಿ ಕಣೋ,” ಎನ್ನುವರು. ಕೊಟ್ಟ ಕಾಫಿ ಬೇಡ ಅನ್ನುವವನು ನಿರಪರಾಧಿಯಾಗಿರಲು ಸಾಧ್ಯವಿಲ್ಲವೆಂಬುದು ಅವರ ಸಿದ್ಧಾಂತ. ಮಾವ ಇನ್ನೂ ಬಿಗಿ. ಮೊದಲು ತಾನು ಓದಿ ಮುಗಿಸಿ, ಮಕ್ಕಳು ಕೊನೆಗೆ ಹಾರಬಾರದೆಂದು ಕಡೆಯ ಪುಟಗಳನ್ನು ಅಂಚಿನಲ್ಲಿ ಸೂಜಿದಾರದಿಂದ ಹೊಲಿದುಬಿಡುತ್ತಿದ್ದ. ಆ ಹೊಲಿಗೆ ಬಿಚ್ಚುವ ಅಧಿಕಾರ ದೊಡ್ಡಮ್ಮನಿಗೆ ಮಾತ್ರ. ಅವರು ಮೊರ ಕೆಳಗಿಟ್ಟು, ಕೈ ಒರೆಸಿಕೊಂಡು, ಹಲ್ಲಿನಿಂದ ದಾರ ಕಡಿದ ಮೇಲೆಯೇ ನಮಗೆ ಸತ್ಯದರ್ಶನ. ಗುಟ್ಟೊಂದನ್ನು ಮನೆಮಂದಿಯೆಲ್ಲ ಸೇರಿ ಕಾಯುವುದು ಎಂಥ ಸುಖ ಎಂಬುದನ್ನು ನಾನು ಕಂಡದ್ದು ಅಲ್ಲಿ.

ಆ ಪುಸ್ತಕಗಳಲ್ಲಿ ಹೆಚ್ಚಿನವು ಎನ್. ನರಸಿಂಹಯ್ಯನವರವು. ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ನಮಗೆ ನೆಂಟರಿಗಿಂತ ಹತ್ತಿರದವರಾಗಿದ್ದರು. ನರಸಿಂಹಯ್ಯನವರು ಊರೂರಿಗೆ ಬಂದು ಭಾಷಣ ಮಾಡಬೇಕಾದ ಅಗತ್ಯವೇ ಬೀಳಲಿಲ್ಲ. ರೈಲ್ವೆ ಸ್ಟೇಷನ್ನಿನ ಅಂಗಡಿ, ಬಸ್ ಸ್ಟ್ಯಾಂಡಿನ ಪುಸ್ತಕದ ಗೂಡು, ಬಾಡಿಗೆ ಲೈಬ್ರರಿ, ಮತ್ತು ನಮ್ಮ ಮಾವನಂಥ ನಿಷ್ಠಾವಂತರು ಅವರ ಪರವಾಗಿ ಸಕಲ ಪ್ರಚಾರವನ್ನೂ ವಹಿಸಿಕೊಂಡಿದ್ದರು. ಕನ್ನಡಿಗರಲ್ಲಿ ಓದುವ ಚಟ ಹತ್ತಿಸಿದವರೆಂದು ಅ.ನ.ಕೃ., ತ.ರಾ.ಸು. ಅವರನ್ನು ಸ್ಮರಿಸುವ ವೇದಿಕೆಗಳಲ್ಲಿ ನರಸಿಂಹಯ್ಯನವರ ಹೆಸರನ್ನೂ ಅಷ್ಟೇ ಎತ್ತರದ ದನಿಯಲ್ಲಿ ಹೇಳಬೇಕು. ಹೇಳುವುದಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ. ನಾವು ಇಂದು ಮೆರವಣಿಗೆಯಲ್ಲಿ ಎತ್ತಿ ಹಿಡಿಯುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು ಎಂದರೆ ಎಷ್ಟು ಜನ ಹುಬ್ಬೇರಿಸುತ್ತಾರೆ! ‘ಬಂಗಾರದ ಮನುಷ್ಯ’ ಸಿನಿಮಾದ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾಯರೂ ಈ ಕಡೆಯವರೇ. ಅದರ ನಾಯಕ ರಾಜೀವಪ್ಪನ ಊರು ಕಟ್ಟಿದ ಕೈ ಅಪರಾಧಗಳ ಗಂಟನ್ನೂ ಕಟ್ಟಿ ಬಿಚ್ಚಿದೆ.

ಪ್ರಚಾರದ ಮಾತಿಗೆ ಬಂದರೆ ಫ್ರೆಂಚ್ ಭಾಷೆಯ ಜಾರ್ಜ್ ಸಿಮೆನಾನ್ ಅವರನ್ನು ಮೀರಿಸಿದವರಿಲ್ಲ. 1931ರ ಫೆಬ್ರವರಿಯಲ್ಲಿ ಇನ್‌ಸ್ಪೆಕ್ಟರ್ ಮೇಗ್ರೆಯ ಕಾದಂಬರಿಗಳನ್ನು ಲೋಕಕ್ಕೆ ಪರಿಚಯಿಸಲು ಪ್ಯಾರಿಸ್ಸಿನ ನೈಟ್‌ಕ್ಲಬ್ಬೊಂದರಲ್ಲಿ ರಾತ್ರಿಯಿಡೀ ಔತಣ ಏರ್ಪಡಿಸಿ, ಬಂದ ಅತಿಥಿಗಳ ಬೆರಳಚ್ಚನ್ನು ಬಾಗಿಲಲ್ಲೇ ತೆಗೆಸಿದರು. ಅದಕ್ಕೂ ಮೊದಲು 1927ರಲ್ಲಿ, ಗಾಜಿನ ಪಂಜರದಲ್ಲಿ ಕೂತು ಸಾರ್ವಜನಿಕರ ಕಣ್ಣೆದುರೇ ಕಾದಂಬರಿ ಬರೆಯುತ್ತಾರೆಂದು ಗುಲ್ಲೆದ್ದಿತ್ತು. ಆ ಪಂಜರ ತಯಾರಾಗಲೂ ಇಲ್ಲ, ಅವರು ಕೂರಲೂ ಇಲ್ಲ. ಆದರೂ ಎಷ್ಟೋ ವರ್ಷಗಳ ಮೇಲೂ ಜನ ನಾವು ಕಣ್ಣಾರೆ ಕಂಡಿದ್ದೇವೆ ಎನ್ನುತ್ತಿದ್ದರು. ಬರೆಯುವ ಹೊತ್ತಿಗೆ ಮಾತ್ರ ಇದೇ ಮನುಷ್ಯ ಬಾಗಿಲಿಗೆ ಯಾರೂ ಬರಬೇಡಿ ಎಂಬ ಫಲಕ ತೂಗುಹಾಕಿ, ಪೆನ್ಸಿಲ್ಲುಗಳನ್ನು ಸಾಲಾಗಿ ಚೂಪುಮಾಡಿಟ್ಟುಕೊಂಡು, ಒಂದೆರಡು ವಾರದೊಳಗೆ ಪುಸ್ತಕ ಮುಗಿಸುವ ತಪಸ್ವಿ.

ಪ್ರಚಾರದ ವಿಷಯದಲ್ಲಿ ಕ್ರಿಸ್ಟಿ ಇವರಿಗೆ ತದ್ವಿರುದ್ಧ. 1957ರಲ್ಲಿ ಪತ್ತೇದಾರಿ ಲೇಖಕರ ಡಿಟೆಕ್ಷನ್ ಕ್ಲಬ್ಬಿನ ಅಧ್ಯಕ್ಷ ಸ್ಥಾನ ಒಪ್ಪಿಕೊಂಡಾಗ ಅವರು ಹಾಕಿದ ಷರತ್ತು, ತಾನು ಭಾಷಣ ಮಾಡುವುದಿಲ್ಲ ಎಂದು. ಮಾತಾಡಲೆಂದೇ ಇನ್ನೊಬ್ಬರನ್ನು ಸಹ ಅಧ್ಯಕ್ಷರನ್ನಾಗಿ ಇಟ್ಟುಕೊಳ್ಳಬೇಕಾಯಿತು. ಅವರದೇ ನಾಟಕ ‘ದಿ ಮೌಸ್‌ಟ್ರ್ಯಾಪ್’ ಗೌರವಾರ್ಥ ನಡೆದ ಔತಣಕ್ಕೆ ಹೋದಾಗ ಬಾಗಿಲಿನವನು ಗುರುತು ಸಿಗದೆ ತಡೆದ. ನಾನೇ ಅಗಾಥಾ ಕ್ರಿಸ್ಟಿ ಎನ್ನಲೂ ಸಂಕೋಚಪಟ್ಟು ಆಕೆ ಸುಮ್ಮನೆ ಹಿಂದಕ್ಕೆ ತಿರುಗಿದರಂತೆ. ಅಂಥ ಮೌನಗೌರಿಯ ಆ ನಾಟಕ 1952ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಶುರುವಾದದ್ದು, ಕೋವಿಡ್ಡಿನಲ್ಲಿ ನಿಂತು ಮತ್ತೆ ಎದ್ದು, ಇಂದಿಗೂ ನಡೆಯುತ್ತಿದೆ. ಪ್ರದರ್ಶನ ಮುಗಿದ ಮೇಲೆ ನಟರು ರಂಗದ ಮೇಲೆ ಬಂದು, ಕೊಲೆಗಾರ ಯಾರೆಂಬುದನ್ನು ದಯವಿಟ್ಟು ಹೊರಗೆ ಹೇಳಬೇಡಿ ಎಂದು ಕೇಳಿಕೊಳ್ಳುತ್ತಾರೆ. ಎಪ್ಪತ್ತು ವರ್ಷ ದಾಟಿದರೂ ನೋಡಿದವರಲ್ಲಿ ಬಹುಮಂದಿ ಆ ಮಾತನ್ನು ಉಳಿಸಿಕೊಂಡಿದ್ದಾರೆ. ಪರಿಚಯವೇ ಇಲ್ಲದ ಮುಂದಿನ ಪ್ರೇಕ್ಷಕನ ಸಂತೋಷಕ್ಕಾಗಿ ಬಾಯಿ ಬಿಗಿಹಿಡಿಯುವ ಇಂಥ ಸಜ್ಜನಿಕೆಯನ್ನು ಬೇರೆ ಯಾವ ಸಾಹಿತ್ಯ ಪ್ರಕಾರ ತನ್ನ ಜನರಿಂದ ಬೇಡುತ್ತದೆ, ಹೇಳಿ?

ಹಾಗಾದರೆ ಲೇಖಕ ಓದುಗನ ಬಳಿ ಹೋಗಬಾರದೇ ಎಂದರೆ, ಖಂಡಿತ ಹೋಗಬೇಕು. ಕನ್ನಡ ಕಾದಂಬರಿಯ ಪಿತಾಮಹ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಮನೆಮನೆಗೆ ಹೋಗಿ ಮಾರಿದರು. ಆ ಪರಂಪರೆ ನಮ್ಮದು. ಇವತ್ತು ಪತ್ತೇದಾರಿ ಬರೆಯುವ ಹುಡುಗ ಹುಡುಗಿಯರು ದಿನವಿಡೀ ಆಫೀಸಿನಲ್ಲಿ ದುಡಿದು, ರಾತ್ರಿ ಬರೆದು, ಭಾನುವಾರ ಸಮ್ಮೇಳನದ ಮಳಿಗೆಯಲ್ಲಿ ನಿಂತು, ವಾಟ್ಸಾಪಿನಲ್ಲಿ ಮುಖಪುಟ ಕಳಿಸಿ, ಮೊಬೈಲಿನ ಮುಂದೆ ಮಾತಾಡಿ ಹೊಸ ಪುಸ್ತಕವನ್ನು ನಮ್ಮವರೆಗೆ ತರುತ್ತಿದ್ದಾರೆ. ಒಮ್ಮೆ ಅಂಥ ಮಳಿಗೆಯೊಂದರಲ್ಲಿ ಲೇಖಕಿಯೊಬ್ಬರನ್ನು ಗಿರಾಕಿಯೊಬ್ಬರು, “ಕತೆ ಏನಮ್ಮ, ಹೇಳಿ, ಚೆನ್ನಾಗಿದ್ದರೆ ತಗೋತೀನಿ,” ಎಂದು ಕೇಳಿದ್ದನ್ನು ಪಕ್ಕದಲ್ಲೇ ನಿಂತು ಕಂಡೆ. ಆಕೆ ಮೊದಲ ಅಧ್ಯಾಯದ ಹೆಣದವರೆಗೆ ಹೇಳಿ, ಅಲ್ಲಿಗೆ ನಿಲ್ಲಿಸಿ ನಕ್ಕರು. ಕೇಳಿದವರು ಪುಸ್ತಕ ಕೆಳಗಿಟ್ಟು ಹೋದರು. ಆಕೆ ಇನ್ನೊಂದು ವಾಕ್ಯ ಹೇಳಿದ್ದರೆ ಒಂದು ಪ್ರತಿ ಮಾರಾಟವಾಗುತ್ತಿತ್ತು, ಹೇಳಲಿಲ್ಲ. ನನ್ನ ಮಟ್ಟಿಗೆ ಅದು ಧರ್ಮನಿಷ್ಠೆ.

ಅವರು ಹೇಳಲಾಗದ್ದನ್ನು ನಾವು ನೀವು ಹೇಳಿ ತುಂಬಿಕೊಡಬಹುದು. ಅಂದರೆ ಗುಟ್ಟನ್ನಲ್ಲ, ಪುಸ್ತಕದ ಹೆಸರನ್ನು. ಈ ತಿಂಗಳು ಕನ್ನಡದ ಒಂದು ಹೊಸ ಪತ್ತೇದಾರಿ ಕಾದಂಬರಿಯನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಿ, ಕೊನೆಯ ಪುಟಕ್ಕೆ ಹಾರದೆ ಓದಿ. ಮೆಚ್ಚಿಗೆಯಾದರೆ ನಾಲ್ಕು ಜನಕ್ಕೆ ಹೇಳಿ, ಕೊಲೆಗಾರ ಯಾರೆಂದು ಅವರು ಎಷ್ಟು ಪೀಡಿಸಿದರೂ ಅದೊಂದನ್ನು ಮಾತ್ರ ಹೇಳಬೇಡಿ.