ಹತ್ತು ದಿನಗಳ ಔಷಧ

ಮಗುವಿನ ಗಂಟಲು ನೋವನ್ನು ನಮ್ಮ ಮನೆಗಳಲ್ಲಿ ರೋಗವೆಂದು ಎಣಿಸುವುದೇ ಕಡಿಮೆ. ಉಪ್ಪುನೀರು, ಅರಿಸಿನದ ಹಾಲು, ಎರಡು ದಿನ ಶಾಲೆಗೆ ರಜೆ. ಮೂರನೆಯ ದಿನ ಮಗು ಅಂಗಳದಲ್ಲಿ ಆಡುತ್ತಿರುತ್ತದೆ. ಬಹಳಷ್ಟು ಸಲ ಇಷ್ಟೇ ಸಾಕು. ಮಕ್ಕಳ ಟಾನ್ಸಿಲ್ ಬಾವಿಗೆ ಹೆಚ್ಚಾಗಿ ವೈರಸ್ ಕಾರಣ. ಅದಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಆದರೆ ಎಲ್ಲ ಗಂಟಲು ನೋವೂ ಒಂದೇ ಅಲ್ಲವೆಂಬುದು ನನ್ನ ಅರಿವಿಗೆ ಬಂದದ್ದು ಇಚಲಕರಂಜಿಯ ಒಬ್ಬ ಕಕ್ಷಿದಾರರಿಂದ.

ವಿದ್ಯುತ್ ಮಗ್ಗದಲ್ಲಿ ದುಡಿಯುವ ಅವರು ಒಮ್ಮೆ, ‘ಸಾಹೇಬರ, ಅವತ್ತ ಮಗಳ ಇಂಜೆಕ್ಷನ್ ಐತ್ರಿ, ಬ್ಯಾರೆ ತಾರೀಖ ತಗೋರಿ’ ಎಂದರು. ಹುಡುಗಿಗೆ ಹನ್ನೊಂದು ವರ್ಷ. ಗಂಟಲು ನೋವು ಬಂದು ಹೋದ ಮೂರು ವಾರಗಳಿಗೆ ಮೊಣಕಾಲು ಊದಿತ್ತು. ಅದು ಇಳಿಯುವಷ್ಟರಲ್ಲಿ ಪಾದದ ಕೀಲು. ತಪಾಸಣೆಯಲ್ಲಿ ಹೃದಯದ ಒಂದು ಕವಾಟ ಕೆಟ್ಟಿರುವುದು ತಿಳಿಯಿತು. ಈಗ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಅದೂ ಅನೇಕ ವರ್ಷಗಳ ಕಾಲ.

ಇದು ರುಮ್ಯಾಟಿಕ್ ಜ್ವರ. ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ತಗುಲಿದಾಗ, ಅದರೊಡನೆ ಹೋರಾಡಲು ಹೊರಟ ದೇಹದ ರಕ್ಷಣಾಶಕ್ತಿ ಕೆಲವು ಮಕ್ಕಳಲ್ಲಿ ತನ್ನದೇ ಕೀಲುಗಳ ಮತ್ತು ಹೃದಯದ ಮೇಲೆ ತಿರುಗುತ್ತದೆ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಗಂಟಲು ನೋವು ಶುರುವಾದ ಒಂಬತ್ತು ದಿನಗಳೊಳಗೆ ಔಷಧ ಆರಂಭಿಸಿ, ಪೂರ್ಣ ಹತ್ತು ದಿನ ಕೊಟ್ಟರೆ ಇದನ್ನು ತಡೆಯಬಹುದು.

ನನ್ನ ಮಗನಿಗೆ ಏಳನೆಯ ವಯಸ್ಸಿನಲ್ಲಿ ಏಕಾಏಕಿ ಜ್ವರ ಬಂತು. ಕತ್ತಿನ ಗ್ರಂಥಿಗಳು ಬಾತಿದ್ದವು, ಟಾನ್ಸಿಲ್ ಮೇಲೆ ಬಿಳಿ ಕೀವು ಕಟ್ಟಿತ್ತು. ನೆಗಡಿ ಕೆಮ್ಮು ಇರಲಿಲ್ಲ. ನೆಗಡಿ, ಕೆಮ್ಮು, ದನಿ ಒಡೆಯುವುದು ವೈರಸ್ಸಿನ ಕಡೆಗೆ ಬೆರಳು ತೋರುತ್ತವೆ. ಇವನ ಲಕ್ಷಣಗಳು ಬೇರೆ ಎಂದ ಕೊಲ್ಹಾಪುರದ ವೈದ್ಯರು ಗಂಟಲಿನ ಮಾದರಿ ತೆಗೆದು ಪರೀಕ್ಷಿಸಿ, ಹತ್ತು ದಿನಗಳ ಔಷಧ ಬರೆದರು. ನಾಲ್ಕನೆಯ ದಿನ ನಾವು ಗಡಹಿಂಗ್ಲಜದಲ್ಲಿದ್ದೆವು. ಮಗ ಕುಣಿಯುತ್ತಿದ್ದ. ‘ಆರಾಮಾದ ಕೂಸಿಗೆ ಯಾಕೋ ಇನ್ನೂ ಔಷಧ?’ ಎಂದಳು ನನ್ನ ತಾಯಿ. ನಾನು ಆ ನೇಕಾರರ ಮಗಳ ಕಥೆ ಹೇಳಿದೆ. ಮುಂದಿನ ಆರು ದಿನ ಚಮಚ ಹಿಡಿದವಳು ಅವಳೇ.

ಕಾನೂನಿನ ಮಾತು ಎರಡಿವೆ. ಪೆನಿಸಿಲಿನ್‌ನಂಥ ಆ್ಯಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಪಕ್ಕದ ಮನೆಯಲ್ಲಿ ಉಳಿದ ಬಾಟಲಿ ಚೀಟಿಗೆ ಬದಲಾಗದು. ಎರಡನೆಯದು ಶಸ್ತ್ರಚಿಕಿತ್ಸೆ. ವರ್ಷಕ್ಕೆ ಏಳು ಸಲ, ಅಥವಾ ಎರಡು ವರ್ಷ ಸತತ ಐದೈದು, ಇಲ್ಲವೇ ಮೂರು ವರ್ಷ ಸತತ ಮೂರು ಮೂರು ಸಲ ತೀವ್ರ ಬಾವು ಬಂದಿದ್ದರೆ ಟಾನ್ಸಿಲ್ ತೆಗೆಸುವ ವಿಚಾರ ಮಾಡುತ್ತಾರೆ. ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದರೂ ಹಾಗೆಯೇ. ಮಗುವಿನ ಪರವಾಗಿ ಸಮ್ಮತಿಗೆ ಸಹಿ ಹಾಕುವವರು ನಾವು. ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಬೇರೆ ದಾರಿಗಳನ್ನು ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಹೇಳಿದೆ. ಕೇಳಲು ಸಂಕೋಚ ಬೇಡ. ಮರಾಠಿಯಲ್ಲಿ ಹೇಳಿದ್ದು ತಿಳಿಯದಿದ್ದರೆ ಇನ್ನೊಮ್ಮೆ ಕೇಳಿರಿ.

ಮಗು ಜೊಲ್ಲು ನುಂಗಲಾರದಿದ್ದರೆ, ಬಾಯಿ ತೆರೆಯಲಾರದಿದ್ದರೆ, ಉಸಿರಾಟ ಕಷ್ಟವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳ ತಪಾಸಣೆ ನಡೆಯುತ್ತದೆ. ರುಮ್ಯಾಟಿಕ್ ಹೃದ್ರೋಗವೂ ಅದರ ಪಟ್ಟಿಯಲ್ಲಿದೆ. ತಂಡ ಬರುವ ದಿನ ಮಗುವನ್ನು ಶಾಲೆ ತಪ್ಪಿಸಬೇಡಿ. ವೈದ್ಯರು ಹತ್ತು ದಿನ ಎಂದಿದ್ದರೆ, ಕೊನೆಯ ದಿನದ ತಾರೀಖನ್ನು ಬಾಟಲಿಯ ಮೇಲೆಯೇ ಬರೆದಿಡಿ.