ಮೊದಲ ಸಹಿ

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಿದ್ದಾಗ ಓದಿ.

ಮೊನ್ನೆ ರಾತ್ರಿ ಒಂಬತ್ತೂವರೆಗೆ ಒಬ್ಬ ಹುಡುಗ ಫೋನ್ ಮಾಡಿದ್ದ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿರುವ ಎಸ್‌ಡಿಎ, ನಮ್ಮ ಜನವೇ. "ಅಕ್ಕಾ, ಒಂದು ಫೈಲು ಮಂಡಿಸು ಅಂತಾವ್ರೆ. ಕೆಲಸ ಆಗಿಲ್ಲ, ಬಿಲ್ಲು ಬಂದದೆ. ಬರೆದುಕೊಡಿ ಸಾರ್ ಅಂದ್ರೆ ನಗ್ತಾರೆ. ಎಲ್ಲಾ ಬಾಯಲ್ಲೇ ಹೇಳ್ತಾರೆ ಅಕ್ಕಾ" ಅಂದ. ಮಾತಾಡ್ತಾ ಮಾತಾಡ್ತಾ ಸುಮ್ಮನಾಗಿಬಿಟ್ಟ. ಆ ಮೌನ ಕೇಳಿ ನನಗೆ ಎದೆ ಧಸಕ್ಕೆಂತು. ಯಾಕೆ ಅಂತ ಹೇಳ್ತೀನಿ.

2024ರ ಮೇ 26ರಂದು ಶಿವಮೊಗ್ಗದಲ್ಲಿ ಚಂದ್ರಶೇಖರನ್ ತೀರಿಕೊಂಡರು. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಲ್ಲಿ ಅಕೌಂಟ್ಸ್ ಸೂಪರಿಂಟೆಂಡೆಂಟ್. ನಿಗಮದ 187 ಕೋಟಿ ಬೇರೊಂದು ಖಾತೆಗೆ ಹೋಗಿದೆ, ಅದರಲ್ಲಿ 88 ಕೋಟಿ 62 ಲಕ್ಷ ಸಂಬಂಧವೇ ಇಲ್ಲದ ಖಾತೆಗಳಿಗೆ ಸೋರಿಹೋಗಿದೆ ಅಂತ ಬರೆದಿಟ್ಟು ಹೋದರು. ಸಚಿವರ ಮೌಖಿಕ ಆದೇಶ ಎಂಬ ಮಾತೂ ಆ ಪತ್ರದಲ್ಲಿತ್ತು, ಹೆಸರಿರಲಿಲ್ಲ. ಸಚಿವರಾಗಿದ್ದ ಬಿ. ನಾಗೇಂದ್ರ ಜೂನ್ 6ಕ್ಕೆ ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಇ.ಡಿ. ಬಂಧಿಸಿತು, ಅಕ್ಟೋಬರಿನಲ್ಲಿ ಜಾಮೀನಾಯಿತು. ಆರೋಪವನ್ನು ಅವರು ಒಪ್ಪಿಲ್ಲ, ಅದನ್ನು ಕೋರ್ಟು ನೋಡಿಕೊಳ್ಳಲಿ. ಆಗ ಟಿವಿಯಲ್ಲಿ ದಿನಾ ಕೋಟಿ ಲೆಕ್ಕ. ಬೇಡರ, ಸೋಲಿಗರ, ಜೇನುಕುರುಬರ ಮನೆಯ ಸಾಲಕ್ಕೆ, ಬೋರಿಗೆ ಅಂತ ಇಟ್ಟ ದುಡ್ಡು ಅದು ಅನ್ನೋದು ಚರ್ಚೆಯ ಕೊನೇ ಐದು ನಿಮಿಷದಲ್ಲಿ ಬರ್ತಿತ್ತು.

ನನ್ನ ತಲೆಯಲ್ಲಿ ಉಳಿದದ್ದು ಕೋಟಿ ಅಲ್ಲ, ಆ ಬಾಯಿಮಾತಿನ ಆದೇಶ. ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವರಿಗೆ ಅದರ ಅರ್ಥ ಗೊತ್ತು. ಆದೇಶ ಮೇಲಿನಿಂದ ಕೆಳಗೆ ಬಾಯಲ್ಲಿ ಇಳಿಯುತ್ತೆ, ಫೈಲು ಕೆಳಗಿನಿಂದ ಮೇಲಕ್ಕೆ ಸಹಿಯಲ್ಲಿ ಹತ್ತುತ್ತೆ. ಇಳಿದದ್ದಕ್ಕೆ ಗುರುತಿಲ್ಲ. ಹತ್ತಿದ್ದರಲ್ಲಿ ಮೊದಲ ಸಹಿ ಕೇಸ್ ವರ್ಕರ್‌ದು. ಮೀಸಲಾತಿಯಲ್ಲಿ ಕೆಲಸಕ್ಕೆ ಬಂದ ನಮ್ಮ ಮಕ್ಕಳು ಹೆಚ್ಚಾಗಿ ಕೂರೋದು ಆ ಕುರ್ಚಿಯಲ್ಲೇ.

ಈಗ ನನ್ನದು. ಇದನ್ನು ಎಲ್ಲೂ ಬರೆದಿರಲಿಲ್ಲ.

ನಮ್ಮೂರು ದೊಡ್ಡಆಲಹಳ್ಳಿ ಅಂದ ಕೂಡಲೇ ಎಲ್ಲರೂ "ಓ, ಡಿ.ಕೆ. ಶಿವಕುಮಾರ್ ಅವರ ಊರಾ" ಅಂತಾರೆ. ಹೌದು ಸ್ವಾಮಿ, ನಮ್ಮ ಕೇರಿಯೂ ಅದೇ ಊರಲ್ಲಿದೆ. ಆ ಕೇರಿಯಿಂದ ಬಿ.ಎ. ಮಾಡಿ, ದೂರದ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಊರು ಬೇಡ, ಇಲಾಖೆ ಬೇಡ. ಗಂಗಾ ಕಲ್ಯಾಣದ ಫೈಲುಗಳು ನನ್ನ ಟೇಬಲ್ಲಿಗೆ ಬರ್ತಿದ್ದವು. ಒಂದು ದಿನ ಒಬ್ಬ ಅಜ್ಜಿ ಬಂತು. ಸೆರಗಲ್ಲಿ ಪಹಣಿ ಗಂಟು ಕಟ್ಟಿಕೊಂಡು, "ಅವ್ವಾ, ಬೋರು ಯಾವಾಗ ಕೊರೀತೀರಿ? ಮಳೆಗಾಲ ಬಂದ್ರೆ ಗಾಡಿ ಹೊಲಕ್ಕೆ ಇಳಿಯಲ್ಲ" ಅಂತು. ನಾನು ಅದರ ಹೆಸರು ಕೇಳಿ ಫೈಲು ತೆಗೆದೆ. ಬೋರು ಕೊರೆದು ನಾಲ್ಕು ತಿಂಗಳಾಗಿತ್ತು. ಮೋಟಾರು ಇಳಿಸಿತ್ತು. ಅಜ್ಜಿಯ ಹೆಬ್ಬೆಟ್ಟೂ ಇತ್ತು. ಟಿಪ್ಪಣಿ ಹಾಳೆಯಲ್ಲಿ "ಬಿಲ್ ಪಾವತಿಗೆ ಮಂಡಿಸಿದೆ" ಅಂತ ನನ್ನದೇ ಅಕ್ಷರ, ಕೆಳಗೆ ನನ್ನ ಸಹಿ.

ಸಾಹೇಬರು ಅವತ್ತು "ಹಾಕಮ್ಮ, ಮಾರ್ಚ್ ಮುಗೀತಾ ಇದೆ, ಅನುದಾನ ವಾಪಸ್ ಹೋದ್ರೆ ನಿಮ್ಮ ಜನಕ್ಕೇ ಲಾಸು" ಅಂದಿದ್ರು. ನಾನು ಹಾಕಿದ್ದೆ. ಜಾಗ ನೋಡಿರಲಿಲ್ಲ. ದುಡ್ಡು ತಗೊಂಡಿರಲಿಲ್ಲ, ಆ ಮಾತು ನನಗೆ ಸಮಾಧಾನ ಕೊಡಲ್ಲ. ಅಜ್ಜಿಗೆ ಮಾತ್ರ "ಆಗುತ್ತೆ ಹೋಗಜ್ಜಿ" ಅಂದೆ. ಅದು ಕೈ ಮುಗಿದು ಹೋಯಿತು. ಆ ಕೈ ಮುಗಿದದ್ದು ಇವತ್ತಿಗೂ ಚುಚ್ಚುತ್ತೆ.

ಹದಿನೈದು ದಿನ ನಿದ್ದೆಗೆಟ್ಟು ಆಮೇಲೆ ಅಜ್ಜಿಯ ಮೊಮ್ಮಗನನ್ನು ಬಸ್‌ಸ್ಟ್ಯಾಂಡಿಗೆ ಕರೆಸಿ, ಅವನ ಹೆಸರಲ್ಲಿ ಮಾಹಿತಿ ಹಕ್ಕಿನ ಅರ್ಜಿ ನಾನೇ ಬರೆದುಕೊಟ್ಟೆ. ಬಿಪಿಎಲ್ ಕಾರ್ಡಿನ ಜೆರಾಕ್ಸ್ ಹಚ್ಚಿದರೆ 10 ರೂಪಾಯಿ ಶುಲ್ಕವೂ ಬೇಡ. ಅಳತೆ ಪುಸ್ತಕ, ಫೋಟೋ, ಬಿಲ್ಲು ಎಲ್ಲಾ ಬಿಡದೆ ಕೇಳಿದ್ದೆ. ಬಲು ಜಾಣೆ ಅಂದುಕೊಂಡಿದ್ದೆ. ಮೂರನೇ ದಿನ ಸಾಹೇಬರು ಒಳಗೆ ಕರೆದು ಅರ್ಜಿ ಮುಂದಿಟ್ಟು, "ಈ ದುಂಡಕ್ಷರ ಯಾರದು ಅಂತ ನನಗೆ ಗೊತ್ತಾಗಲ್ವೇನಮ್ಮಾ?" ಅಂದ್ರು. ಇಡೀ ಕಚೇರಿಯಲ್ಲಿ ನನ್ನ ಅಕ್ಷರಕ್ಕೆ ಹೆಸರು. ಮೇಷ್ಟ್ರು ಕೋಲಲ್ಲಿ ಹೊಡೆದು ತಿದ್ದಿಸಿದ ಅಕ್ಷರ, ನನ್ನನ್ನೇ ಹಿಡಿದುಕೊಟ್ಟಿತು. ಸಾಹೇಬರು ಬೈಯಲಿಲ್ಲ. ಫೈಲು ತಿರುಗಿಸಿ, "ತನಿಖೆ ಆಗಲಿ ಬಿಡು. ಮೊದಲ ಸಹಿ ಯಾರದು ನೋಡ್ಕೊ" ಅಂದ್ರು, ಅಷ್ಟೆ.

ಒಂದೇ ತಿಂಗಳಲ್ಲಿ ಅಜ್ಜಿಯ ಹೊಲದಲ್ಲಿ ಗುಟ್ಟಾಗಿ ಬೋರು ಬಿತ್ತು. ಎರಡಿಂಚು ನೀರು. ಕಾಗದವೂ ಸರಿಹೋಯಿತು, ಹೊಲವೂ ಸರಿಹೋಯಿತು, ಯಾರಿಗೂ ಏನೂ ಆಗಲಿಲ್ಲ. ನನ್ನನ್ನು ರೆಕಾರ್ಡ್ ರೂಮಿಗೆ ಹಾಕಿದರು. ಲೋಕಾಯುಕ್ತಕ್ಕೆ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ದೂರಿನ ಜೊತೆ ಹೆಸರು ವಿಳಾಸ ಬರೆದು ಪ್ರಮಾಣಪತ್ರ ಕೊಡಬೇಕು. ನಾನು ನಮೂನೆ ತಂದು ಟ್ರಂಕಲ್ಲಿಟ್ಟೆ. ಹೆದರಿದೆ. ಇದಕ್ಕಿಂತ ನೇರವಾಗಿ ಹೇಳೋಕೆ ನನಗೆ ಬರಲ್ಲ.

ಹೆದರಿಕೆಗೆ ಕಾರಣ ಇಲ್ಲದಿರಲಿಲ್ಲ. 2012ರ ಮೇ ತಿಂಗಳಲ್ಲಿ ಬೆಂಗಳೂರಿನ ರಸ್ತೆಯಲ್ಲೇ ಎಸ್.ಪಿ. ಮಹಾಂತೇಶ್ ಮೇಲೆ ಹಲ್ಲೆ ಮಾಡಿದರು, ಐದು ದಿನ ಆಸ್ಪತ್ರೆಯಲ್ಲಿದ್ದು ಜೀವ ಬಿಟ್ಟರು. ಸಹಕಾರ ಇಲಾಖೆಯ ಲೆಕ್ಕಪರಿಶೋಧನೆಯಲ್ಲಿದ್ದು ಗೃಹನಿರ್ಮಾಣ ಸಂಘಗಳ ಸೈಟು ಹಂಚಿಕೆಯ ಅಕ್ರಮ ಹೊರತೆಗೆದವರು. ಅವರು ಕೆಎಎಸ್ ಅಧಿಕಾರಿ. ನಾನೆಷ್ಟರವಳು? ಇಂಥವರನ್ನು ಕಾಯೋಕೆ ಅಂತ ಸಂಸತ್ತು ಮಾಡಿದ ವಿಷಲ್ ಬ್ಲೋವರ್ಸ್ ರಕ್ಷಣಾ ಕಾಯ್ದೆಗೆ 2014ರ ಮೇ 9ಕ್ಕೆ ರಾಷ್ಟ್ರಪತಿ ಅಂಕಿತ ಬಿತ್ತು. ಜಾರಿಯಾಗುವ ದಿನಾಂಕವನ್ನು ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಹೊರಡಿಸಬೇಕಿತ್ತು, ಹೊರಡಿಸಲೇ ಇಲ್ಲ. ಆ ಕಾಯ್ದೆಯೂ ಬಾಯಿಮಾತಿನ ಆದೇಶದ ಹಾಗೇ ಆಯಿತು.

ಫಿಲಿಪೈನ್ಸ್ ದೇಶದ ಒಂದು ಸಂಗತಿ ಓದಿದ್ದೆ. ಬೆನ್‌ಹರ್ ಲೂಯ್ ಅಂತ ಲೆಕ್ಕ ನೋಡುವ ನೌಕರ. ಜಾನೆಟ್ ನಪೋಲೆಸ್ ಎಂಬ ವ್ಯಾಪಾರಿಯ ಕಚೇರಿಯಲ್ಲಿದ್ದ, ಆಕೆಗೆ ಸಂಬಂಧಿಕನೂ ಹೌದು. ಶಾಸನಸಭೆ ಸದಸ್ಯರ ಅನುದಾನ ಹೆಸರಿಗಷ್ಟೇ ಇದ್ದ ಸಂಸ್ಥೆಗಳಿಗೆ ಹೋಗಿ ಹಂಚಿಕೆಯಾಗುತ್ತಿತ್ತು, ಯಾರಿಗೆಷ್ಟು ಅಂತ ಇವನು ಗುರುತಿಟ್ಟಿದ್ದ. ಅವನನ್ನು ಕೂಡಿಹಾಕಿದ್ದಾರೆ ಅಂತ ಮನೆಯವರು ದೂರು ಕೊಟ್ಟು, 2013ರ ಮಾರ್ಚಿನಲ್ಲಿ ತನಿಖಾ ದಳದವರು ಬಿಡಿಸಿದರು. ಸುಳ್ಳು ಸಹಿಗಳನ್ನು ನಾನೇ ಹಾಕ್ತಿದ್ದೆ ಅಂತ ಅವನೇ ಒಪ್ಪಿಕೊಂಡ. ಅಂದರೆ ಅವನ ಕೈಯೂ ಮಸಿ. ಆದರೂ ಅವನನ್ನು ಸಾಕ್ಷಿ ರಕ್ಷಣೆಗೆ ಸೇರಿಸಿದರು, ಮೂವರು ಸೆನೆಟರ್‌ಗಳ ಮೇಲೆ ಕೇಸಾಯಿತು. ಎಲ್ಲರಿಗೂ ಶಿಕ್ಷೆಯಾಗಲಿಲ್ಲ, ಅದು ಬೇರೆ ಮಾತು. ಅವನು ಬದುಕಿದ್ದು ಸಾಕ್ಷಿ ಹೇಳಿದ. ನಮ್ಮಲ್ಲಿ ಚಂದ್ರಶೇಖರನ್ ಅವರ ಪತ್ರ ಸಾಕ್ಷಿ ಹೇಳ್ತಿದೆ.

ಆ ಹುಡುಗನಿಗೆ ಫೋನಲ್ಲಿ ಮೊದಲು "ಊಟ ಮಾಡ್ದೇನೋ?" ಅಂತ ಕೇಳಿದೆ. ಇಲ್ಲ ಅಂದ. ಮನೆ ಮಾಲೀಕರ ಮಗನ ಕೈಗೆ ಫೋನ್ ಕೊಡಿಸಿ, ಇವತ್ತು ರಾತ್ರಿ ಇವನ ಜೊತೆಗೇ ಮಲಗಪ್ಪ ಅಂದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಇಬ್ಬರೂ ಕೂತು ಟಿಪ್ಪಣಿ ಬರೆದೆವು: "ಮಾನ್ಯರ ಮೌಖಿಕ ಸೂಚನೆಯಂತೆ ಮಂಡಿಸಿದೆ. ಸ್ಥಳ ಪರಿಶೀಲನಾ ವರದಿ ಕಡತದಲ್ಲಿಲ್ಲ." ದಿನಾಂಕ ಹಾಕಿಸಿದೆ. ಸಹಿ ಹಾಕುವಾಗ ಅವನ ಕೈ ನಡುಗ್ತಿತ್ತು.

ನಡತೆ ನಿಯಮ ನನಗೂ ಗೊತ್ತು, ಈ ಪೋಸ್ಟಿಗೆ ನೋಟಿಸು ಬಂದರೆ ಉತ್ತರ ಕೊಡ್ತೀನಿ. ಆ ಫೈಲು ಇವತ್ತು ಮೇಲೆ ಹೋಗಿದೆ, ಇನ್ನೂ ವಾಪಸ್ ಬಂದಿಲ್ಲ. ಅವನ ಮೇಲೆ ಚಾರ್ಜ್‌ಶೀಟು ಬರಬಹುದು, ವರ್ಗಾವಣೆ ಆಗಬಹುದು. ಸೇವಾ ವಿಷಯಗಳ ಕೇಸು ನಡೆಸುವ ವಕೀಲ ಬಂಧುಗಳು ರಾಮನಗರ, ಕನಕಪುರದ ಕಡೆ ಯಾರಿದ್ದರೂ ಇನ್‌ಬಾಕ್ಸಿಗೆ ಬನ್ನಿ. ಹುಡುಗನ ಹೆಸರು ಕಾಮೆಂಟಿನಲ್ಲಿ ಕೇಳಬೇಡಿ.